ಬೆಂಡೆಯ ನಂಜು, ಬಿಳಿನೊಣ ಮತ್ತು ನಮ್ಮ ಪುಣೆ

ಸಾತಾರಾ ರಸ್ತೆಯ ನಮ್ಮ ಧನಕವಡಿ ಇಂದು ಮಹಾನಗರ ಪಾಲಿಕೆಯ ತುಂಬಿದ ಬಡಾವಣೆ. ಇದು ಹಿಂದೆ ಹೊಲಗಳ ಹಳ್ಳಿಯಾಗಿತ್ತೆಂದರೆ ಇಲ್ಲಿನ ಕನ್ನಡ ಮನೆಗಳ ಮಕ್ಕಳು ನಂಬಲಾರರು. ಈಗ ನಮ್ಮ ಪಾಲಿಗೆ ತರಕಾರಿಯ ಊರೆಂದರೆ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡು. ಅಲ್ಲಿಂದ ಬರುವ ಬೆಂಡೆಕಾಯಿಯ ಚರಿತ್ರೆಯಲ್ಲಿ ಪುಣೆಗೂ ಒಂದು ಪಾಲುಂಟೆಂಬುದನ್ನು ವಾಚಕರ ಗಮನಕ್ಕೆ ತರಲು ಬಯಸುತ್ತೇವೆ.

ಬೆಂಡೆಯ ಎಲೆಯ ನರಗಳು ಮೊದಲು ಹಳದಿಯಾಗಿ, ಬರಬರುತ್ತ ಎಲೆಯೆಲ್ಲ ಹಳದಿಗಟ್ಟಿ, ಕಾಯಿ ಬಿಳಿಚಿ ಗಡುಸಾಗುವ ರೋಗವೊಂದಿದೆ. ಮುಂಬಯಿ ಪ್ರಾಂತದಲ್ಲಿ ಅದನ್ನು ಮೊದಲು ದಾಖಲಿಸಿದವರು ಕುಲಕರ್ಣಿ ಎಂಬವರು. 1924ರಲ್ಲಿ, ಪುಣೆ ಕೃಷಿ ಕಾಲೇಜಿನ ಪತ್ರಿಕೆಯಲ್ಲಿ. (ಈ ಅಡ್ಡಹೆಸರು ಗಡಿಯ ಎರಡೂ ಬದಿಗೆ ಸೇರಿದ್ದು, ಅವರು ಯಾವ ಬದಿಯವರೆಂಬ ಜಗಳ ನಮಗೆ ಬೇಡ.) ಇದು ನಂಜಿನ, ಅಂದರೆ ವೈರಸ್ಸಿನ ರೋಗವೆಂದು 1940ರಲ್ಲಿ ಉಪ್ಪಲ್, ವರ್ಮಾ, ಕಪೂರ್ ತಿಳಿಸಿದರು. 1950ರಲ್ಲಿ ಕಪೂರ್ ಮತ್ತು ವರ್ಮಾ, 1952ರಲ್ಲಿ ವರ್ಮಾ ಒಬ್ಬರೇ, ಇದರ ಮೇಲೆ ವಿಸ್ತಾರವಾದ ಲೇಖನಗಳನ್ನು ಪ್ರಕಟಿಸಿದರು. ಬೀಜದಿಂದ ಈ ರೋಗ ಬರುವುದಿಲ್ಲ, ರಸ ಸವರಿದರೂ ಅಂಟುವುದಿಲ್ಲ. ಹೊಲದಲ್ಲಿ ಇದನ್ನು ಹೊತ್ತು ತಿರುಗುವುದು ಎಲೆಯಡಿ ಕೂತು ರಸ ಹೀರುವ ಪುಟ್ಟ ಬಿಳಿನೊಣ.

ನಂಜುಳ್ಳ ಗಿಡದ ರಸ ಕುಡಿದೊಡನೆ ನೊಣ ರೋಗ ಹಂಚಲಾರದು. ನಂಜು ಅದರ ಹೊಟ್ಟೆಯಿಂದ ಎಂಜಲಿಗೆ ಬರಲು ಕೆಲವು ಗಂಟೆ ಬೇಕು. ಬಂದ ಮೇಲೆ ಬಹುದಿನ ಬಿಡದು. ನೊಣವನ್ನು ಕೊಲ್ಲುವುದರಿಂದ ಏನಾದರೂ ಪ್ರಯೋಜನವಿದ್ದರೆ ಅದು ಈ ಬಿಡುವಿನಿಂದಲೇ. ಗಿಡಹೇನು ಹರಡುವ ಪಪಾಯಿಯ ಉಂಗುರಚುಕ್ಕೆ ರೋಗದಲ್ಲಿ ಈ ಬಿಡುವಿಲ್ಲ. ಹೇನು ಕ್ಷಣದಲ್ಲಿ ಚುಚ್ಚಿ ನಂಜಿಳಿಸಿ ಬಿಡುತ್ತದೆ, ಔಷಧಿಗೆ ಆಮೇಲೆ ಸಾಯುತ್ತದೆ.

ಆದರೆ ರೈತರು ಔಷಧಿಯ ಡಬ್ಬಿ ತೆರೆಯುತ್ತಿದ್ದುದು ಎಲೆ ಹಳದಿಯಾದ ಮೇಲೆ. ಗಿಡದೊಳಗೆ ಸೇರಿದ ನಂಜನ್ನು ತೆಗೆಯುವ ಮದ್ದು ಅಂದೂ ಇರಲಿಲ್ಲ, ಇಂದೂ ಇಲ್ಲ. ಸಾಲ ಮಾಡಿ ತಂದ ಔಷಧಿ ಹಳದಿ ಎಲೆಯ ಮೇಲೆ ವ್ಯರ್ಥವಾಗುತ್ತಿತ್ತು. 1974ರಲ್ಲಿ ಶಾಸ್ತ್ರಿ ಮತ್ತು ಸಿಂಗ್ ಪ್ರಕಟಿಸಿದ ಲೆಕ್ಕ ಈ ವಿಷಯದಲ್ಲಿ ಕಣ್ಣು ತೆರೆಸುವಂಥದು. ಗಿಡ ಎಳೆಯದಿರುವಾಗಲೇ ರೋಗ ತಗುಲಿದರೆ ಫಸಲಿನ ನಷ್ಟ ಶೇಕಡಾ 94ರವರೆಗೆ; 50 ದಿನಕ್ಕೆ ತಗುಲಿದರೆ 84; 65 ದಿನಕ್ಕಾದರೆ 49. ಕಾವಲು ಬೇಕಾದದ್ದು ಮೊಳಕೆಯ ನಂತರದ ಮೊದಲ ಕೆಲವು ವಾರಗಳಲ್ಲಿ. ಎಲೆ ಇನ್ನೂ ಹಸಿರಾಗಿದ್ದು, ಖರ್ಚು ಮಾಡಲು ಯಾರಿಗೂ ಮನಸ್ಸು ಬಾರದ ಹೊತ್ತಿನಲ್ಲಿ!

ಕೊಯ್ಲಿನವರೆಗೂ ವಾರವಾರ ಹೊಡೆಯುವುದು ಇದಕ್ಕೆ ಉತ್ತರವಲ್ಲ. ಹಾಗೆ ಮಾಡಿದಲ್ಲಿ ಬಿಳಿನೊಣ ಔಷಧಿಗೆ ಜಗ್ಗದಾಯಿತು. ದಿನ ಬಿಟ್ಟು ದಿನ ಕೊಯ್ಯುವ ಕಾಯಿಯ ಮೇಲಿನ ವಿಷ ನಮ್ಮ ಅಡಿಗೆಮನೆಗೂ ಬಂದೀತು. ಬೀಜಕ್ಕೇ ಔಷಧಿ ಲೇಪಿಸಿ ಬಿತ್ತುವ ಕ್ರಮ ಎಳೆಯ ದಿನಗಳನ್ನು ಕಾಯಲೆಂದೇ ಬಂದದ್ದು. ರೋಗ ತಗುಲಿದ ಗಿಡ ಕೀಳುವಾಗಲೂ ಮೊದಲು ನೊಣವನ್ನು ಕೊಂದು ಆಮೇಲೆ ಕೀಳಬೇಕು. ಇಲ್ಲವಾದರೆ ಅದು ಪಕ್ಕದ ಸಾಲಿಗೆ ಹಾರುತ್ತದೆ. ಪರಭಣಿಯ ಕೃಷಿ ವಿದ್ಯಾಪೀಠದ ‘ಪರಭಣಿ ಕ್ರಾಂತಿ’, ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ತಳಿಗಳು 1980ರ ದಶಕದಲ್ಲಿ ಈ ರೋಗವನ್ನು ತಡೆಯಲೆಂದೇ ಬಂದವು. ವರ್ಷ ಕಳೆದಂತೆ ಅವುಗಳ ತಡೆಯೂ ಸಡಿಲವಾಯಿತು. ಹೊಲದಲ್ಲಿ ಬಿಳಿನೊಣ ಇದ್ದೇ ಇದೆ.