ಹಳದಿಗೆ ನೀಲಿ ಬೆರೆಸಿದರೆ ಹಸಿರಾಗದೇಕೆ?

ನಮ್ಮ ಕೂಟದ ಮಕ್ಕಳಲ್ಲಿ ಹಲವರು ಈಗ ಚಿತ್ರ ಬರೆಯುವುದು ಕಾಗದದ ಮೇಲಲ್ಲ, ಕಂಪ್ಯೂಟರಿನ ಗಾಜಿನ ಮೇಲೆ. ಕೆಂಪು, ಹಳದಿ, ನೀಲಿ ಇವು ಮೂಲ ಬಣ್ಣಗಳು, ಹಳದಿಗೆ ನೀಲಿ ಬೆರೆಸಿದರೆ ಹಸಿರು ಎಂದು ಊರಿನ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಹೇಳಿಕೊಟ್ಟದ್ದನ್ನೇ ನಾವು ಮಕ್ಕಳಿಗೂ ಹೇಳುತ್ತೇವೆ. ಮಗು ಅಚ್ಚ ಹಳದಿಯ ಮೇಲೆ ಅಚ್ಚ ನೀಲಿಯನ್ನು ಅರ್ಧ ಪಾರದರ್ಶಕವಾಗಿ ಬಳಿಯುತ್ತದೆ. ಬರುವುದು ಹಸಿರಲ್ಲ, ಒಲೆಯ ಬೂದಿಯ ಬಣ್ಣ! ಸಾಲದೆಂಬಂತೆ, ಅದೇ ಪರದೆಯ ಮೇಲೆ ಕೆಂಪು ಬೆಳಕಿಗೆ ಹಸಿರು ಬೆಳಕು ಸೇರಿದರೆ ಹಳದಿಯಾಗುತ್ತದೆ. ಮೇಷ್ಟ್ರು ಸುಳ್ಳು ಹೇಳಿದರೇ? ಯಂತ್ರ ಕೆಟ್ಟಿದೆಯೇ? ಎರಡೂ ಅಲ್ಲ. ಈ ಒಗಟು ಬಿಡಿಸಲು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಬಿಡಿಸಿದವರಲ್ಲಿ ಮುಖ್ಯರಾದ ಇಬ್ಬರು ವೈದ್ಯರು ಎಂಬುದು ನನಗೆ ವಿಶೇಷ ಸಂತೋಷದ ಸಂಗತಿ.

ಕಥೆ ನ್ಯೂಟನ್‌ನಿಂದ ಆರಂಭ. ಬಿಸಿಲನ್ನು ಮುಕ್ಕೋನದ ಗಾಜಿನ ಮೂಲಕ ಹಾಯಿಸಿ ಬಣ್ಣಗಳನ್ನು ಬೇರ್ಪಡಿಸಿದ ಆತ, 1704ರ ತನ್ನ 'ಆಪ್ಟಿಕ್ಸ್' ಗ್ರಂಥದಲ್ಲಿ ಅವನ್ನು ಒಂದು ಚಕ್ರದಲ್ಲಿ ಜೋಡಿಸಿದ. ಬಣ್ಣಗಳು ಏಳೇ ಏಕೆ? ಸಂಗೀತದ ಏಳು ಸ್ವರಗಳಿಗೆ ಹೊಂದಲೆಂದು! ನಮ್ಮ ಸಪ್ತಸ್ವರದವರಿಗೆ ಇದು ಹಿತವಾಗಿ ಕೇಳಿಸೀತು; ಆದರೆ ಕಾಮನಬಿಲ್ಲಿನಲ್ಲಿ ಏಳು ಗೆರೆ ಎಳೆದವರಾರೂ ಇಲ್ಲ. ನ್ಯೂಟನ್ ಹೇಳಿದ ಇನ್ನೊಂದು ಮಾತು ಹೆಚ್ಚು ಬೆಲೆಯುಳ್ಳದ್ದು: ಕಿರಣಗಳಿಗೇ ಬಣ್ಣವಿಲ್ಲ, ನಮ್ಮಲ್ಲಿ ಬಣ್ಣದ ಅನುಭವವನ್ನು ಎಬ್ಬಿಸುವ ಶಕ್ತಿ ಮಾತ್ರ ಅವಕ್ಕುಂಟು.

ಚಿತ್ರಕಾರರು ಮತ್ತು ಮುದ್ರಕರು ಮಾತ್ರ ತಮ್ಮ ದಾರಿಯಲ್ಲೇ ಇದ್ದರು. ಲ ಬ್ಲಾನ್ ಎಂಬಾತ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕೆಂಪು, ಹಳದಿ, ನೀಲಿ ಎಂಬ ಮೂರೇ ಶಾಯಿಗಳಿಂದ ಬಣ್ಣದ ಚಿತ್ರ ಅಚ್ಚುಹಾಕಿ ತೋರಿಸಿದ. ಮೂರು ಬಣ್ಣ ಸಾಕು ಎಂಬುದೇನೋ ಎಲ್ಲರಿಗೂ ತಿಳಿಯಿತು. ಮೂರೇ ಏಕೆ ಸಾಕು ಎಂಬುದು ತಿಳಿದಿರಲಿಲ್ಲ.

ಇಲ್ಲಿ ಬರುತ್ತಾನೆ ಥಾಮಸ್ ಯಂಗ್. ಲಂಡನ್, ಎಡಿನ್‌ಬರೋ, ಗಟಿಂಗೆನ್‌ಗಳಲ್ಲಿ ವೈದ್ಯಕೀಯ ಓದಿದವನು; ರೋಗಿಗಳಿಗಿಂತ ಬೆಳಕಿನ ಮೇಲೆ ಹೆಚ್ಚು ಗಮನ! 1801ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮಾತನಾಡುತ್ತಾ ಆತ ಒಂದು ಸರಳ ತರ್ಕ ಮುಂದಿಟ್ಟ. ಕಣ್ಣಿನ ಹಿಂಬದಿಯ ಪದರದ ಪ್ರತಿಯೊಂದು ಬಿಂದುವಿನಲ್ಲೂ ಲೆಕ್ಕವಿಲ್ಲದಷ್ಟು ಬಣ್ಣಗಳಿಗೆ ಲೆಕ್ಕವಿಲ್ಲದಷ್ಟು ಗ್ರಾಹಕಗಳು ಹಿಡಿಸಲಾರವು; ಆದ್ದರಿಂದ ಕೆಲವೇ ಇರಬೇಕು, ಬಹುಶಃ ಮೂರು. ಮೊದಲು ಕೆಂಪು, ಹಳದಿ, ನೀಲಿ ಎಂದವನು ಮರುವರ್ಷವೇ ತಿದ್ದಿಕೊಂಡು ಕೆಂಪು, ಹಸಿರು, ನೇರಳೆ ಎಂದ. ಅಂದರೆ 'ಮೂರು' ಎಂಬುದು ಬೆಳಕಿನ ಗುಣವಲ್ಲ, ಶಾಯಿಯ ಗುಣವೂ ಅಲ್ಲ, ನಮ್ಮ ಶರೀರದ ಗುಣ. ಯಾವ ಸೂಕ್ಷ್ಮದರ್ಶಕದ ನೆರವೂ ಇಲ್ಲದೆ ಮಾಡಿದ ಈ ರೋಗನಿದಾನಕ್ಕೆ ಸಾಟಿಯಿಲ್ಲ.

ಇನ್ನೊಬ್ಬರು ಹೆಲ್ಮ್‌ಹೋಲ್ಟ್ಸ್. ಪಾಟ್ಸ್‌ಡ್ಯಾಮ್‌ನಲ್ಲಿ ಸೈನ್ಯದ ವೈದ್ಯರಾಗಿದ್ದವರು. ಕಣ್ಣಿನೊಳಗೆ ಇಣುಕಲು ನಾವು ಬಳಸುವ ಆಫ್ತಾಲ್ಮೋಸ್ಕೋಪ್ 1851ರಲ್ಲಿ ಲೋಕಕ್ಕೆ ಬಂದದ್ದು ಅವರಿಂದಲೇ. ಮರುವರ್ಷ ಅವರು ನಮ್ಮ ಒಗಟನ್ನು ಬಿಡಿಸಿದರು. ಹಳದಿ ಬಣ್ಣದ ಪುಡಿ ನೀಲಿ ಬೆಳಕನ್ನು ನುಂಗುತ್ತದೆ. ನೀಲಿ ಪುಡಿ ಕೆಂಪನ್ನೂ ಹಳದಿಯನ್ನೂ ನುಂಗುತ್ತದೆ. ಇಬ್ಬರೂ ನುಂಗದೆ ಬಿಟ್ಟದ್ದು ಹಸಿರು. ಮೇಷ್ಟ್ರ ಹಸಿರು ಕೂಡಿಸಿದ್ದಲ್ಲ, ಕಳೆದು ಉಳಿದದ್ದು! ಹಳದಿ ಮತ್ತು ನೀಲಿ ಬೆಳಕುಗಳನ್ನೇ ಕಣ್ಣಿನಲ್ಲಿ ಕೂಡಿಸಿದರೆ ಬಿಳುಪು. ಕಂಪ್ಯೂಟರಿನಲ್ಲಿ ಅರ್ಧರ್ಧ ಬೆರೆಸುವುದರಿಂದ ಪೂರ್ತಿ ಬಿಳುಪಿಲ್ಲದೆ, ಮಂದವಾದ ಬಿಳುಪು, ಅಂದರೆ ಬೂದು ಬರುತ್ತದೆ.

1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮ್ಯಾಕ್ಸ್‌ವೆಲ್ ಒಂದು ಚೌಕುಳಿ ರಿಬ್ಬನ್ನಿನ ಮೂರು ಫೋಟೋಗಳನ್ನು ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿ ಬಣ್ಣದ ಚಿತ್ರ ಮೂಡಿಸಿದ. ಆಗಿನ ಫೋಟೋ ಫಲಕಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ; ಆ ಬಟ್ಟೆಯ ಕೆಂಪು ಭಾಗ ಪ್ರತಿಫಲಿಸಿದ ಅತಿನೇರಳೆ ಕಿರಣ ಫಲಕದ ಮೇಲೆ ಬಿದ್ದು ಪ್ರಯೋಗ ಗೆದ್ದಿತು ಎಂಬುದು ನೂರು ವರ್ಷದ ನಂತರ ತಿಳಿಯಿತು. ವಿಜ್ಞಾನಕ್ಕೂ ಅದೃಷ್ಟ ಬೇಕು. ನಮ್ಮ ಟಿ.ವಿ., ಕಂಪ್ಯೂಟರುಗಳ ಪರದೆಗಳೆಲ್ಲ ಆ ರಿಬ್ಬನ್ನಿನ ವಂಶದವೇ.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲುಂಟು. ಸರ್ ಸಿ. ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಹೂಗಳ ಬಣ್ಣವನ್ನೂ ದೃಷ್ಟಿಯನ್ನೂ ಅಭ್ಯಾಸ ಮಾಡಿ, 1968ರಲ್ಲಿ, ಎಂಬತ್ತರ ಅಂಚಿನಲ್ಲಿ, ದೃಷ್ಟಿಯ ಶರೀರಶಾಸ್ತ್ರದ ಬಗ್ಗೆ ಒಂದು ಗ್ರಂಥ ಪ್ರಕಟಿಸಿದರು. ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ತ್ರಿವರ್ಣ ವಾದವನ್ನು ಅವರು ಒಪ್ಪಲಿಲ್ಲ. ಆದರೆ ಅಷ್ಟರಲ್ಲಿ, 1964ರಲ್ಲೇ, ಅಮೆರಿಕದ ಎರಡು ತಂಡಗಳು ಕಣ್ಣಿನ ಒಂದೊಂದೇ ಶಂಕುಕೋಶ ಹೀರುವ ಬೆಳಕನ್ನು ಅಳೆದು, ಮೂರು ಬಗೆಯ ಕೋಶಗಳಿರುವುದನ್ನು ಕಂಡಿದ್ದವು. ಈ ವ್ಯಾಜ್ಯದಲ್ಲಿ ತೀರ್ಪು ರಾಮನ್ನರ ಕಡೆಗಾಗಲಿಲ್ಲ.

ಕಂಪ್ಯೂಟರಿಗೆ ಕುಂಚ ಬಂದದ್ದು 1973ರಲ್ಲಿ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಿಚರ್ಡ್ ಶೂಪ್ ಕಟ್ಟಿದ 'ಸೂಪರ್‌ಪೇಂಟ್' ಒಮ್ಮೆಗೆ 256 ಬಣ್ಣ ತೋರಿಸುತ್ತಿತ್ತು. ಇಂದಿನ ಸಾಮಾನ್ಯ ಲೆಕ್ಕದಲ್ಲಿ ಮೂರು ಬಣ್ಣಕ್ಕೂ 256 ಮೆಟ್ಟಿಲು; ಗುಣಿಸಿದರೆ 1 ಕೋಟಿ 67 ಲಕ್ಷ 77 ಸಾವಿರದ 216. ಇಷ್ಟರಲ್ಲಿ ಬೇಕಾದುದನ್ನು ಆರಿಸುವುದು ಹೇಗೆ? ಅಲ್ಲೇ ಕೆಲಸ ಮಾಡಿದ್ದ ಆಲ್ವಿ ರೇ ಸ್ಮಿತ್ 1978ರಲ್ಲಿ ಒಂದು ಹೊಸ ಅಳತೆಯನ್ನು ಪ್ರಕಟಿಸಿದರು: ಯಾವ ಬಣ್ಣ, ಎಷ್ಟು ಗಾಢ, ಎಷ್ಟು ಪ್ರಕಾಶ. ಮೊದಲನೆಯದು ಚಕ್ರದ ಮೇಲಿನ ಕೋನ: ಕೆಂಪಿಗೆ 0, ಹಸಿರಿಗೆ 120, ನೀಲಿಗೆ 240. ನ್ಯೂಟನ್ನನ ಚಕ್ರ ಹೀಗೆ ಮಕ್ಕಳ ಕೈಗೆ ಬಂತು.

ಮೂರು ಬಣ್ಣಗಳು ಇರುವುದು ಶರೀರದಲ್ಲಾದರೆ, ಎಲ್ಲರ ಶರೀರವೂ ಒಂದೇ ಅಲ್ಲವಲ್ಲ! ಪರಮಾಣುವಾದದ ಜಾನ್ ಡಾಲ್ಟನ್‌ಗೆ ಗುಲಾಬಿ ಬಣ್ಣದ ಜಿರೇನಿಯಂ ಹೂ ಹಗಲಿನಲ್ಲಿ ಆಕಾಶನೀಲಿಯಾಗಿಯೂ ಮೋಂಬತ್ತಿಯ ಬೆಳಕಿನಲ್ಲಿ ಕೆಂಪಾಗಿಯೂ ಕಂಡಿತು. ಒಡಹುಟ್ಟಿದವನ ಹೊರತು ಬೇರೆಯವರಿಗೆ ಹಾಗೆ ಕಾಣಲಿಲ್ಲ. 1794ರಲ್ಲಿ ಇದನ್ನು ಮ್ಯಾಂಚೆಸ್ಟರಿನ ವಿದ್ವತ್ಸಭೆಗೆ ತಿಳಿಸಿದ. ತನ್ನ ಕಣ್ಣಿನೊಳಗಿನ ದ್ರವವೇ ನೀಲಿಯಿರಬೇಕೆಂದು ನಂಬಿ, ಸತ್ತ ಮೇಲೆ ಪರೀಕ್ಷಿಸಲು ಹೇಳಿದ. 1844ರಲ್ಲಿ ಆತ ತೀರಿಕೊಂಡಾಗ ಅವನ ವೈದ್ಯ ರಾನ್ಸಮ್ ಒಂದು ಕಣ್ಣಿನ ದ್ರವವನ್ನು ಹೊರತೆಗೆದು ನೋಡಿದ: ತಿಳಿನೀರಿನಂತಿತ್ತು. ಇನ್ನೊಂದರ ಹಿಂಬದಿಯನ್ನು ಕತ್ತರಿಸಿ, ಸತ್ತವನ ಕಣ್ಣಿನ ಮೂಲಕವೇ ಕೆಂಪು, ಹಸಿರುಗಳನ್ನು ನೋಡಿದ: ಏನೂ ಬದಲಾಗಿರಲಿಲ್ಲ. ಒಣಗಿದ ಆ ಕಣ್ಣುಗಳನ್ನು ಜೋಪಾನವಾಗಿಟ್ಟಿದ್ದರು. 1995ರಲ್ಲಿ ಅದರ ಡಿಎನ್‌ಎ ಪರೀಕ್ಷಿಸಿದಾಗ ಹಸಿರಿನ ಶಂಕುಕೋಶಕ್ಕೆ ಬೇಕಾದ ವರ್ಣಕದ ಜೀನ್ ಇಲ್ಲದ್ದು ಕಂಡಿತು. ಯಂಗ್ ಆಗಲೇ ಡಾಲ್ಟನ್‌ಗೆ ಒಂದು ಗ್ರಾಹಕ ಕೊರತೆಯಿದೆ ಎಂದಿದ್ದ. ಆದರೆ ಅದು ಕೆಂಪಿನದೆಂದು ಊಹಿಸಿದ್ದ.

ಐರೋಪ್ಯ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಮಂದಿಗೆ ಈ ಬಗೆಯ ಕೊರತೆಯುಂಟು. ನಮ್ಮವರಲ್ಲಿ ಕಡಿಮೆ, ಆದರೆ ಇಲ್ಲದೇ ಇಲ್ಲ. ಸಾಮಾನ್ಯವಾಗಿ ಇದು ತಾಯಿಯ ತಂದೆಯಿಂದ, ತಾಯಿಯ ಮೂಲಕ, ಮೊಮ್ಮಗನಿಗೆ ಬರುತ್ತದೆ; ತಾಯಿಗೆ ತೊಂದರೆ ಕಾಣದು. ಕೂಟದ ಚಿತ್ರಸ್ಪರ್ಧೆಯಲ್ಲಿ ಯಾವನಾದರೂ ಹುಡುಗ ಕಂದು ಬಣ್ಣದ ಎಲೆ ಬರೆದರೆ ಅಂಕ ಕಳೆಯುವ ಮುನ್ನ ಅವನ ಅಜ್ಜನ ವಿಷಯ ವಿಚಾರಿಸಿ. ಜಪಾನಿನ ಸೇನಾ ವೈದ್ಯ ಇಶಿಹಾರ 1917ರಲ್ಲಿ ಪ್ರಕಟಿಸಿದ ಚುಕ್ಕೆಗಳ ಪುಸ್ತಕ ಕಣ್ಣಿನ ವೈದ್ಯರ ಬಳಿ ಸಿಗುತ್ತದೆ. ಪರೀಕ್ಷೆಗೆ ಐದು ನಿಮಿಷ ಸಾಕು. ಇದಕ್ಕೆ ಔಷಧಿಯಿಲ್ಲ. ಆದರೆ ಕಾಗದದ ಮೇಲೆ ಇಲ್ಲದ ಒಂದು ಅನುಕೂಲ ಕಂಪ್ಯೂಟರಿನಲ್ಲಿದೆ: ಬಣ್ಣವನ್ನು ಕಣ್ಣಿನಿಂದ ಗುರುತಿಸಲಾಗದವನು ಅಂಕಿಯಿಂದ ಆರಿಸಬಹುದು. ಕುಂಕುಮಕ್ಕೆ 0ಯ ಆಸುಪಾಸು, ಅರಿಶಿನಕ್ಕೆ 50, ಬಾಳೆ ಎಲೆಗೆ 110.