'ಎಲ್ಲಿಂದಲೂ ಅಲ್ಲದ' ಹಣ

ಮಾಂಟ್ಗೊಮರಿ ಬಸ್ ಬಹಿಷ್ಕಾರ ಅಂದರೆ ನಮಗೆ ನೆನಪಾಗುವುದು ರೋಸಾ ಪಾರ್ಕ್ಸ್, ಮಾರ್ಟಿನ್ ಲೂಥರ್ ಕಿಂಗ್. ಬ್ಯಾಂಕಿನವನಾದ ನನ್ನ ತಲೆಗೆ ಬರುವ ಪ್ರಶ್ನೆ ಬೇರೆ: ದುಡ್ಡು ಎಲ್ಲಿಂದ ಬಂತು?

ಅಮೆರಿಕದ ಅಲಬಾಮಾ ರಾಜ್ಯದ ಆ ಊರಿನ ಕಪ್ಪು ಜನ 1955ರ ಡಿಸೆಂಬರ್ 5ರಿಂದ 381 ದಿನ ಬಸ್ ಹತ್ತಲಿಲ್ಲ. ಬಹಳ ಜನ ನಡೆದರು. ಉಳಿದವರಿಗಾಗಿ ಸುಮಾರು 300 ಕಾರುಗಳು ಓಡಿದವು. ಪೆಟ್ರೋಲ್, ರಿಪೇರಿ, ವಿಮೆ... ಖರ್ಚು ನಿಲ್ಲುವಂತಿರಲಿಲ್ಲ.

ಅಲ್ಲಿ ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಇದ್ದರು. ನೇರ ಮಾತು, ಯಾರಿಗೂ ಬಗ್ಗದ ಸ್ವಭಾವ. ಗೆಳತಿಯರನ್ನು ಸೇರಿಸಿ ಕೇಕು, ಪೈ, ಊಟ ಮಾಡಿ ಮಾರಿ, ಬಂದ ಹಣವನ್ನು ಚಳವಳಿಯ ಸಭೆಯಲ್ಲಿ ಒಪ್ಪಿಸುತ್ತಿದ್ದರು. ಗುಂಪಿನ ಹೆಸರು 'ಕ್ಲಬ್ ಫ್ರಮ್ ನೋವೇರ್', ಅಂದರೆ ಎಲ್ಲಿಂದಲೂ ಅಲ್ಲದ ಸಂಘ! ತಮಾಷೆಯಲ್ಲ. ಅನೇಕರು ಬಿಳಿಯರ ಮನೆಗೆಲಸದವರು. ಹೆಸರು ಹೊರಬಿದ್ದರೆ ಕೆಲಸ ಹೋಗುತ್ತಿತ್ತು. ಹಣ ಕೊಟ್ಟವರು ಯಾರು ಎಂಬುದು ಗಿಲ್ಮೋರ್ ಒಬ್ಬರ ಮನಸ್ಸಿನಲ್ಲೇ ಉಳಿಯಿತು.

ತಮ್ಮ ಹೆಸರನ್ನು ಮಾತ್ರ ಅವರು ಮುಚ್ಚಿಡಲಿಲ್ಲ. 1956ರ ಮಾರ್ಚ್‌ನಲ್ಲಿ ಕಿಂಗ್ ಮೇಲಿನ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದರು: ಚಾಲಕ ಚಾರ್ಜು ತೆಗೆದುಕೊಂಡು, ಇಳಿದು ಹಿಂಬಾಗಿಲಿಂದ ಹತ್ತು ಎಂದ, ಇಳಿದ ಕೂಡಲೇ ಬಸ್ ಬಿಟ್ಟುಕೊಂಡು ಹೋದ. ಅವರ ಕೆಲಸ ಹೋಯಿತು. ಕಿಂಗ್ ಉತ್ತೇಜನದಿಂದ ಮನೆಯಲ್ಲೇ ಊಟ ಹಾಕತೊಡಗಿದರು.

ಹಣದ ಮೂಲ ಗುಟ್ಟಾಗಿದ್ದರೆ ನಾವು ಬ್ಯಾಂಕಿನವರು ಅನುಮಾನ ಪಡುತ್ತೇವೆ. ಸರಿಯೇ. ಆದರೆ ಆ ಗುಟ್ಟು ಯಾರನ್ನು ಕಾಪಾಡುತ್ತಿದೆ ಅಂತಲೂ ನೋಡಬೇಕಲ್ಲವೇ? ದುರ್ಬಲರ ಹೆಸರು ಮುಚ್ಚಿಟ್ಟು, ಅಪಾಯದ ಖಾತೆಯನ್ನು ತನ್ನ ಹೆಸರಿನಲ್ಲಿ ತೆರೆದವರನ್ನು ನಾಯಕಿ ಅನ್ನದೆ ಇನ್ನೇನು ಅನ್ನೋಣ, ನೀವೇ ಹೇಳಿ.