ಕಲ್ಲಿನ ತೇರಿನ ಗೋಪುರ ಮತ್ತು ಒಂದು ದೊಡ್ಡ ಕ್ಯಾಮೆರಾ

ಜೇಬಿನಲ್ಲಿ ಹೊಸ 50 ರೂಪಾಯಿ ನೋಟು ಇದ್ದರೆ ತೆಗೆದು ಹಿಂಬದಿ ನೋಡಿ. ಹಂಪಿಯ ಕಲ್ಲಿನ ತೇರು ಕಾಣುತ್ತದೆ. ಗಾಲಿ ಇದೆ, ಮಂಟಪ ಇದೆ, ಮೇಲೆ ಗೋಪುರವಿಲ್ಲ. ನಮ್ಮೂರ ಜಾತ್ರೆಯ ತೇರಿಗೆ ಎಷ್ಟೆತ್ತರ ಗೋಪುರ ಕಟ್ಟುತ್ತೇವೆ! ಹಂಪಿಯ ತೇರಿಗೂ ಒಂದು ಇತ್ತು, ಇಟ್ಟಿಗೆಯದು. 1856ರಲ್ಲಿ ತೆಗೆದ ಫೋಟೊದಲ್ಲಿ ಅದು ಎದ್ದು ಕಾಣುತ್ತದೆ.

ಆ ಫೋಟೊ ತೆಗೆದವರು ಅಲೆಕ್ಸಾಂಡರ್ ಗ್ರೀನ್‌ಲಾ, ಕಂಪನಿ ಸರ್ಕಾರದ ಮದ್ರಾಸ್ ಸೈನ್ಯದ ಅಧಿಕಾರಿ. ಹಳೆಯ ಕಟ್ಟಡಗಳ ಚಿತ್ರ ಬರೆಸುವ ಬದಲು ಫೋಟೊ ತೆಗೆಸುವ ಕಾಲ ಆಗಷ್ಟೇ ಶುರುವಾಗಿತ್ತು. 1854ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಎಂಬ ಇನ್ನೊಬ್ಬ ಅಧಿಕಾರಿ ಹಳೇಬೀಡು, ಬೇಲೂರುಗಳಲ್ಲಿ ಫೋಟೊ ತೆಗೆದಿದ್ದರು.

ಈಗ ನಾವು ಮೊಬೈಲ್‌ನಲ್ಲಿ ತೆಗೆದ ಫೋಟೊವನ್ನು ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡುತ್ತೇವೆ. ಆಗ ಆ ಅನುಕೂಲ ಇರಲಿಲ್ಲ. ನೆಗೆಟಿವನ್ನು ಔಷಧ ಸವರಿದ ಕಾಗದದ ಮೇಲೆ ಒತ್ತಿಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ನೆಗೆಟಿವ್ ಎಷ್ಟು ದೊಡ್ಡದೋ ಫೋಟೊ ಅಷ್ಟೇ. ದೊಡ್ಡ ಫೋಟೊ ಬೇಕೆಂದರೆ ದೊಡ್ಡ ಕ್ಯಾಮೆರಾವನ್ನೇ ಹೊರಬೇಕು. ಗ್ರೀನ್‌ಲಾ ಆರಿಸಿಕೊಂಡ ಅಳತೆ ಸುಮಾರು 16 ಇಂಚು, 18 ಇಂಚು. ಹೆಚ್ಚುಕಡಿಮೆ ದಿನಪತ್ರಿಕೆಯ ಒಂದು ಪುಟದಷ್ಟು. ಅಂಥ ನೆಗೆಟಿವ್ ಹಿಡಿಸುವ ಪೆಟ್ಟಿಗೆ ಅದಕ್ಕಿಂತ ದೊಡ್ಡದಾಗಲೇಬೇಕು. ಬಳ್ಳಾರಿ ಸೀಮೆಗೆ ಆಗ ರೈಲು ಬಂದಿರಲಿಲ್ಲ.

ಅಳತೆ ಆರಿಸಿದ ಮೇಲೆ ಇನ್ನೊಂದು ಪ್ರಶ್ನೆ: ನೆಗೆಟಿವ್ ಗಾಜಿನದೋ ಕಾಗದದ್ದೋ? ರೀಲು ಬರಲು ಇನ್ನೂ ಎಷ್ಟೋ ವರ್ಷ ಇತ್ತು. 1851ರಲ್ಲಿ ಇಂಗ್ಲೆಂಡಿನ ಫ್ರೆಡೆರಿಕ್ ಸ್ಕಾಟ್ ಆರ್ಚರ್ ಗಾಜಿನ ಹೊಸ ವಿಧಾನ ಪ್ರಕಟಿಸಿದ್ದರು. ಕನ್ನಡಿಯಷ್ಟು ಸ್ಪಷ್ಟ, ಬೇಗವೂ ಮೂಡುತ್ತಿತ್ತು. ತೊಡಕೆಂದರೆ, ಗಾಜಿಗೆ ಸವರಿದ ದ್ರಾವಣ ಒಣಗುವ ಮೊದಲೇ ಫೋಟೊ ತೆಗೆದು ತೊಳೆಯಬೇಕು. ತಂಪು ದೇಶದಲ್ಲೇ ಹತ್ತು ಹದಿನೈದು ನಿಮಿಷದ ಕೆಲಸ. ಹಂಪಿಯ ಬಂಡೆಗಳ ನಡುವಿನ ಕಾವು ಗೊತ್ತಿದ್ದವರಿಗೆ ಉಳಿದದ್ದು ಹೇಳಬೇಕಿಲ್ಲ. ಹೋದ ಕಡೆಯೆಲ್ಲ ಕತ್ತಲೆ ಡೇರೆ, ನೀರು, ಔಷಧದ ಬಾಟಲಿ ಬೇಕು.

ಭಾರದ ಲೆಕ್ಕವನ್ನು ನಾವೇ ಹಾಕಿ ನೋಡಿದೆವು. 3 ಮಿಲಿಮೀಟರ್ ದಪ್ಪದ ಗಾಜು ಎಂದುಕೊಂಡರೆ ಆ ಅಳತೆಯ ಒಂದು ಹಾಳೆ ಸುಮಾರು 1.4 ಕೆಜಿ. ಹಂಪಿಯಲ್ಲಿ ಅವರು ತೆಗೆದ ನೆಗೆಟಿವ್‌ಗಳು ಸುಮಾರು 60. ಗಾಜೇ 80 ಕೆಜಿ ದಾಟುತ್ತಿತ್ತು, ಅದೂ ಒಂದೂ ಒಡೆಯದಂತೆ ಸಾಗಿಸಬೇಕು.

ಗ್ರೀನ್‌ಲಾ ಕಾಗದವನ್ನೇ ಹಿಡಿದರು. ಒಳ್ಳೆಯ ಬರೆಯುವ ಕಾಗದಕ್ಕೆ ಬೆಳ್ಳಿಯ ಲವಣ ಹಿಡಿಸಿದ ನೆಗೆಟಿವ್ ಅದು. ಬೆಳಕು ದಾಟಲಿ ಎಂದು ಅದಕ್ಕೆ ಮೇಣ ಕುಡಿಸುತ್ತಿದ್ದರು, ಎಣ್ಣೆ ಬಿದ್ದ ಕಾಗದ ಪಾರದರ್ಶಕ ಆಗುತ್ತದಲ್ಲ, ಹಾಗೆ. ಕಾಗದವನ್ನು ಮುಂಚೆಯೇ ಸಿದ್ಧ ಮಾಡಿಟ್ಟುಕೊಳ್ಳಬಹುದು, ತೊಳೆಯುವ ಕೆಲಸ ಬಿಡಾರಕ್ಕೆ ಮರಳಿದ ಮೇಲೆ. ಗಾಜು ಎಲ್ಲೆಡೆ ಹರಡಿದ ಮೇಲೂ ಅವರು ಕಾಗದವೇ ಮೇಲು ಎಂದು ವಾದಿಸಿ ಬರೆದರು.

ನಷ್ಟವೂ ಇತ್ತು. ಕಾಗದದ ನಾರು ಫೋಟೊದಲ್ಲೂ ಮೂಡಿ ಸಣ್ಣ ಕೆತ್ತನೆ ಮಸುಕಾಗುತ್ತದೆ. ನಮಗನ್ನಿಸುವಂತೆ, ಅವರು ಅಷ್ಟು ದೊಡ್ಡ ಅಳತೆ ಆರಿಸಿದ್ದರಿಂದ ಈ ಕೊರತೆ ಬಹಳ ಮಟ್ಟಿಗೆ ತುಂಬಿತು. ದೊಡ್ಡ ಹಾಳೆಯಲ್ಲಿ ತೇರೂ ದೊಡ್ಡದಾಗಿ ಮೂಡುತ್ತದೆ, ನಾರಿನ ಗುರುತು ಅದರ ಮುಂದೆ ಚಿಕ್ಕದು. ಅಂಗೈ ಅಗಲದ ಕಾಗದದಲ್ಲಿ ತೆಗೆದಿದ್ದರೆ ಗೋಪುರದ ಇಟ್ಟಿಗೆ ಕೆಲಸ ಈಗಿನಷ್ಟು ಬಿಡಿಸಿ ಕಾಣುತ್ತಿರಲಿಲ್ಲ.

ಇನ್ನೊಂದು ಎಚ್ಚರಿಕೆ. ಒಂದೊಂದು ಫೋಟೊಕ್ಕೂ ನಿಮಿಷಗಟ್ಟಲೆ ಬೆಳಕು ಬಿಡಬೇಕಿತ್ತು. ಅಷ್ಟು ಹೊತ್ತು ಅಲುಗಾಡದ ಕಲ್ಲು ಮೂಡುತ್ತದೆ, ನಡೆದು ಹೋದ ಮನುಷ್ಯನಾಗಲಿ ಮೇಯುವ ದನವಾಗಲಿ ಮೂಡುವುದಿಲ್ಲ. ಹಾಗಾಗಿ ಆ ಕಾಲದ ಫೋಟೊದಲ್ಲಿ ಖಾಲಿ ಬೀದಿ ಕಂಡರೆ, ಅಲ್ಲಿ ಜನರೇ ಇರಲಿಲ್ಲ ಎಂದು ತೀರ್ಮಾನಿಸಬೇಡಿ. ‘ಪಾಳುಬಿದ್ದ ಹಂಪಿ’ ಎಂಬ ಮಾತಿಗೆ ಇಂಥ ಫೋಟೊಗಳ ಪಾಲೂ ಇದೆ ಎಂಬುದು ನಮ್ಮ ಗುಮಾನಿ. ಪೂಜೆ ನಡೆಯುತ್ತಿದ್ದ ವಿರೂಪಾಕ್ಷ ಗುಡಿಯೂ ಅದೇ ಹಂಪಿಯಲ್ಲಿತ್ತು.

1983ರಲ್ಲಿ ಆಸ್ಟ್ರೇಲಿಯಾದ ಫೋಟೊಗ್ರಾಫರ್ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಬಹಳಷ್ಟು ಬಂಡೆಗಳು ಇದ್ದಲ್ಲೇ ಇವೆ. ತೇರಿನ ಗಾಲಿಗಳೂ ಇವೆ. ಮಂಟಪದ ಮೇಲೆ, ಇಟ್ಟಿಗೆ ಗೋಪುರ ಇದ್ದ ಕಡೆ, ಈಗ ಆಕಾಶ.